ಬಿಳಿಸೆರಗು: ಮುಚ್ಚಿಡುವ ಮಾತಲ್ಲ



ದಂಪತಿಗಳಿಬ್ಬರೂ ಒಟ್ಟಿಗೆ ಕುಳಿತು ಕೇಳಬೇಕಾದ ವಿಷಯವೊಂದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮ ತಾಯಂದಿರು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವ ಬಿಳಿಸೆರಗೇ ಆ ವಿಷಯ.

ಮೂಳೆ ಕರಗಿ ಬಿಳುಪಾಗಿ ಹೋಗುತ್ತಿದೆಯೆಂದು ಅನೇಕರು ಹೆದರುತ್ತಾರೆ. ಮೈಗೆ ಉಷ್ಣವಾಗಿದೆ, ತಾನಾಗಿ ಇಳಿಯುತ್ತದೆ ಎಂದು ಇನ್ನು ಕೆಲವರು ಸುಮ್ಮನಿರುತ್ತಾರೆ. ಇವೆರಡೂ ಸರಿಯಲ್ಲ. ಮೂಳೆ ಕರಗುವುದಿಲ್ಲ. ಎರಡು ಮುಟ್ಟುಗಳ ನಡುವಣ ದಿನಗಳಲ್ಲಿಯೂ ಗರ್ಭಿಣಿಯಾಗಿದ್ದಾಗಲೂ ವಾಸನೆ, ತುರಿಕೆಗಳಿಲ್ಲದ ತಿಳಿಯಾದ ಅಥವಾ ಬೆಳ್ಳಗಿನ ಸ್ರಾವವಾಗುವುದು ಸಹಜ. ಅದಕ್ಕೆ ಔಷಧಿ ಬೇಕಿಲ್ಲ.

ಆದರೆ ಸ್ರಾವವು ಒಡೆದ ಹಾಲಿನಂತೆ ಗಟ್ಟಿಯಾಗಿ ತುರಿಕೆಯುಂಟಾದರೆ, ಹಳದಿ ಇಲ್ಲವೆ ಹಸಿರು ಬಣ್ಣಕ್ಕೆ ತಿರುಗಿದರೆ, ದುರ್ವಾಸನೆ ಬಂದರೆ, ಮೂತ್ರ ಹೋಗುವಾಗ ಉರಿಯಾದರೆ ಸೋಂಕು ತಗುಲಿರಬಹುದು. ಆಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು ಸುಲಭವಾದುವು. ಪ್ರತಿದಿನ ಹೊರಭಾಗವನ್ನು ಮಾತ್ರ ಶುದ್ಧವಾದ ನೀರಿನಿಂದ ತೊಳೆಯಿರಿ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಒಳಭಾಗಕ್ಕೆ ಸಾಬೂನಾಗಲಿ, ಕಷಾಯವಾಗಲಿ, ಕ್ರಿಮಿನಾಶಕ ದ್ರವವಾಗಲಿ ಬೇಡ. ಅವು ಅಲ್ಲಿ ನಮ್ಮನ್ನು ಕಾಪಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಹತ್ತಿಯ ಒಳಉಡುಪನ್ನು ಧರಿಸಿ. ಮುಟ್ಟಿನ ಬಟ್ಟೆಯನ್ನು ಸಾಬೂನಿನಿಂದ ಒಗೆದು, ಮೂಲೆಯಲ್ಲಿ ಬಚ್ಚಿಡದೆ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ.

ಸಹೋದರರೇ, ಇನ್ನು ನಿಮಗೊಂದು ಮಾತು. ಬಿಳಿಸೆರಗನ್ನು ಕಂಡು ಹೆಂಡತಿಯ ನಡತೆಯನ್ನು ಶಂಕಿಸಬೇಡಿ. ಅನೇಕ ಸೋಂಕುಗಳು ಯಾರಿಂದಲೂ ಬಂದುವಲ್ಲ. ಕೆಲವು ಮಾತ್ರ ದಾಂಪತ್ಯ ಸಂಬಂಧದಿಂದ ಹರಡುತ್ತವೆ. ಅಂಥವುಗಳಲ್ಲಿ ಗಂಡಸಿಗೆ ಯಾವ ಲಕ್ಷಣವೂ ಕಾಣದಿರಬಹುದು. ಆದುದರಿಂದ ವೈದ್ಯರು ನಿಮಗೂ ಗುಳಿಗೆ ಕೊಟ್ಟರೆ ಬೇಸರಿಸದೆ ಪೂರ್ತಿ ಸೇವಿಸಿ. ಇಲ್ಲವಾದರೆ ಗುಣ ಹೊಂದಿದ ಹೆಂಡತಿಗೆ ಅದೇ ರೋಗ ಮರಳಿ ಬರಬಹುದು. ಇಬ್ಬರ ಚಿಕಿತ್ಸೆ ಮುಗಿಯುವವರೆಗೆ ಸಂಯಮದಿಂದಿರಿ.

ಕೆಳಹೊಟ್ಟೆಯ ನೋವಿನೊಡನೆ ಜ್ವರ, ಮುಟ್ಟು ತಪ್ಪಿದ ಮೇಲೆ ತೀವ್ರ ಹೊಟ್ಟೆನೋವು, ಈ ಎರಡರಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬೇಡಿ. ಸಂಭೋಗದ ನಂತರ ಅಥವಾ ಮುಟ್ಟು ನಿಂತುಹೋದ ವಯಸ್ಸಿನಲ್ಲಿ ರಕ್ತ ಕಂಡರೂ ತಪ್ಪದೆ ವೈದ್ಯರಿಗೆ ತೋರಿಸಿ. 30 ವರ್ಷ ದಾಟಿದ ತಾಯಂದಿರು 5 ವರ್ಷಕ್ಕೊಮ್ಮೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಹೇಳಲು ಸಂಕೋಚವಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಮೊದಲು ಹೇಳಿ; ಆಕೆ ಜೊತೆಗೆ ಬರುತ್ತಾಳೆ. ಅದಕ್ಕೂ ಮೊದಲು, ತಾಯಂದಿರೇ, ನಿಮ್ಮ ಗಂಡನಿಗೆ ಹೇಳಿ. ಸಹೋದರರೇ, ಆಕೆ ಹೇಳುವಾಗ ತಾಳ್ಮೆಯಿಂದ ಕೇಳಿ.