ಹಿರಿಯರು ಬೀಳದಂತೆ ಕಾಯುವುದೂ ಒಂದು ವಿದ್ಯೆ

(ತೆರಕಣಾಂಬಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)





ಮಕ್ಕಳ ಮುಂದಿನ ಓದಿನ ಮಾತು ಬಂದಾಗ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವುದು ಎಂಬಿಬಿಎಸ್, ಇಂಜಿನಿಯರಿಂಗ್ ಎರಡೇ. ಎರಡೂ ಒಳ್ಳೆಯವು. ಆದರೆ ಇಂದು ನಾವು ನಮ್ಮ ಮನೆಗಳಲ್ಲಿ ಯಾರೂ ಹೆಸರಿಸದ ಒಂದು ಕೆಲಸವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅದು ವಯಸ್ಸಾದವರು ಬೀಳದಂತೆ, ತಮ್ಮ ಕಾಲ ಮೇಲೆ ತಾವೇ ನಿಲ್ಲುವಂತೆ ಮಾಡುವ ಸಂಶೋಧನೆ.

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ "ವಯಸ್ಸಾಯಿತಲ್ಲ, ತಕ್ದೀರ್" ಎಂದು ಸುಮ್ಮನಾಗುತ್ತೇವೆ. ತಕ್ದೀರ್‌ನಲ್ಲಿ ನಂಬಿಕೆ ಇರುವುದರಿಂದ ಎಚ್ಚರಿಕೆ ಬಿಡಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿವರ್ಷ 6,84,000 ಜನ ಬಿದ್ದು ಸಾಯುತ್ತಾರೆ. ಇದರಲ್ಲಿ 80 ಶೇಕಡಕ್ಕಿಂತ ಹೆಚ್ಚು ಸಾವು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಒಮ್ಮೆ ಬಿದ್ದವರು ಹೆದರಿ ಓಡಾಟ ಬಿಡುತ್ತಾರೆ, ಓಡಾಟ ಬಿಟ್ಟರೆ ಕಾಲಿನ ಕಸುವು ಹೋಗುತ್ತದೆ, ಕಸುವು ಹೋದರೆ ಮತ್ತೆ ಬೀಳುತ್ತಾರೆ.

ಇದನ್ನು ತಡೆಯಬಹುದು ಎಂಬುದು ಸಾಬೀತಾಗಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡಬಹುದಾದ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮಗಳನ್ನು ರೂಪಿಸಿದರು. 2019ರಲ್ಲಿ ಪ್ರಕಟವಾದ ಒಂದು ಕಾಕ್ರೇನ್ ವಿಮರ್ಶೆ 108 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ವ್ಯಾಯಾಮದಿಂದ ಬೀಳುವುದು ಸುಮಾರು 23 ಶೇಕಡ ಕಡಿಮೆಯಾಗುತ್ತದೆ ಎಂದು ಕಂಡಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡದಿರುವುದು, ತಲೆಸುತ್ತು ತರುವ ಮಾತ್ರೆಗಳನ್ನು ವೈದ್ಯರಿಂದ ಮರುಪರಿಶೀಲನೆ ಮಾಡಿಸುವುದು ಕೂಡ ನೆರವಾಗುತ್ತವೆ.

ಆದರೆ ಈ ಪ್ರಯೋಗಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳಲ್ಲಿ ನಡೆದವು. ಅಲ್ಲಿನವರು ಕುರ್ಚಿಯಿಂದ ಎದ್ದು ನಡೆಯುವವರು. ನಮ್ಮ ಹಿರಿಯರು ನೆಲದ ಮೇಲೆ ಕುಳಿತು ಉಣ್ಣುತ್ತಾರೆ, ಸಜ್ದಾದಿಂದ ಏಳುತ್ತಾರೆ, ಫಜ್ರ್‌ನ ಕತ್ತಲಲ್ಲಿ ಒದ್ದೆ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ವುಜೂ ಮಾಡುತ್ತಾರೆ, ಅರಿಶಿನದ ಹೊಲದ ಬದುವಿನ ಮೇಲೆ ನಡೆಯುತ್ತಾರೆ. ಇಲ್ಲಿನ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಹುಡುಕಬೇಕು.

ಆ ಕೆಲಸ ಹೇಗಿರುತ್ತದೆ? ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಹಿರಿಯರಿಗೆ ಎಷ್ಟು ಸೆಕೆಂಡು ಬೇಕೆಂದು ಅಳೆಯುತ್ತಾರೆ. ನೆನಪು ಕೈಕೊಡುವುದರಿಂದ, ಬಿದ್ದ ದಿನವನ್ನು ಗುರುತು ಹಾಕಲು ಕ್ಯಾಲೆಂಡರ್ ಕೊಟ್ಟು ತಿಂಗಳು ತಿಂಗಳು ವಿಚಾರಿಸುತ್ತಾರೆ. "ಬಿದ್ದಿರಾ?" ಎಂದು ಕೇಳಿದರೆ ಹಿರಿಯರು "ಇಲ್ಲ, ಕಾಲು ಜಾರಿತಷ್ಟೆ" ಎನ್ನಬಹುದು. ಹೀಗೆ ಕೇಳಿ ಸರಿಯಾದ ಉತ್ತರ ಪಡೆಯಲು ಮನೆಯ ಉರ್ದು, ಊರಿನ ಕನ್ನಡ ಎರಡೂ ಬಲ್ಲವರು ಬೇಕು. ನಮ್ಮ ಮಕ್ಕಳಿಗೆ ಈ ಅರ್ಹತೆ ಹುಟ್ಟಿನಿಂದಲೇ ಬಂದಿದೆ.

ಇಂಥ ಸಂಶೋಧನೆ ದೂರದ ಮಾತಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಅದೇ ಜನರನ್ನು ಹುಡುಕಿ, ವೃದ್ಧಾಪ್ಯದಲ್ಲಿ ಅವರ ಆರೋಗ್ಯ ಮತ್ತು ನೆನಪಿನ ಶಕ್ತಿಯನ್ನು ಅಧ್ಯಯನ ಮಾಡಲಾಯಿತು. ಅಂದಿನ ಸಿಬ್ಬಂದಿ ಶಿಸ್ತಿನಿಂದ ಬರೆದ ದಾಖಲೆ ಇಂದು ವಿಜ್ಞಾನವಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ.

ಆದ್ದರಿಂದ ಪೋಷಕರಲ್ಲಿ ನಮ್ಮ ಮನವಿ: ಎಂಬಿಬಿಎಸ್ ಸೀಟು ಸಿಗಲಿಲ್ಲವೆಂದು ಮಕ್ಕಳ ಓದು ನಿಲ್ಲಿಸಬೇಡಿ, ಹೆಣ್ಣುಮಕ್ಕಳ ಓದನ್ನಂತೂ ನಿಲ್ಲಿಸಲೇಬೇಡಿ. ನಮ್ಮ ಅಜ್ಜಿಯರು ಸಂಕೋಚವಿಲ್ಲದೆ ಮಾತನಾಡುವುದು ಹೆಣ್ಣುಮಕ್ಕಳ ಹತ್ತಿರವೇ. ಫಿಸಿಯೋಥೆರಪಿ, ನರ್ಸಿಂಗ್, ಆಕ್ಯುಪೇಷನಲ್ ಥೆರಪಿ, ಆಡಿಯಾಲಜಿ, ಸಮಾಜಕಾರ್ಯ, ಸಂಖ್ಯಾಶಾಸ್ತ್ರ – ಇವೆಲ್ಲ ಈ ಕೆಲಸಕ್ಕೆ ಬಾಗಿಲುಗಳು. ಈ ಓದಿನ ಅರ್ಜಿಗಳನ್ನು ವೈದ್ಯಕೀಯ, ಇಂಜಿನಿಯರಿಂಗ್ ಅರ್ಜಿಗಳಷ್ಟೇ ಗೌರವದಿಂದ ಪರಿಗಣಿಸುತ್ತೇವೆ.

ದಾನಿಗಳಲ್ಲೂ ಒಂದು ಮಾತು. ಕಟ್ಟಡಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ. ಯಾರದೋ ತಂದೆ ಬೀಳದೆ ಉಳಿದದ್ದು ಯಾರಿಗೂ ಕಾಣುವುದಿಲ್ಲ, ಆದರೂ ಅದು ಸದಕಾ ಜಾರಿಯಾ. ಹೆಚ್ಚು ಖರ್ಚಿಲ್ಲದ ಒಂದು ಕೆಲಸವನ್ನು ಇಂದೇ ಆರಂಭಿಸಬಹುದು: ನಿಮ್ಮ ಮಸೀದಿಯ ವುಜೂ ಸ್ಥಳದಲ್ಲಿ ಕುಳಿತುಕೊಳ್ಳಲು ಆಸನ, ಹಿಡಿಯಲು ಕಂಬಿ, ಜಾರದ ನೆಲ, ಒಂದು ದೀಪ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಹಾಕಿಸಿ.

ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ, ಮಕ್ಕಳಿಗೆ ಉಪಯುಕ್ತ ವಿದ್ಯೆಯನ್ನೂ ಕರುಣಿಸಲಿ. ಆಮೀನ್.