ನಾವು ಬಳಸಿ ಬಿಟ್ಟ ನೀರು

(ಬೈಯಪ್ಪನಹಳ್ಳಿಯ ಶರಣರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2024ರ ಬೇಸಿಗೆಯನ್ನು ನೀವು ಮರೆತಿರಲಾರಿರಿ. ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿದವು. ಟ್ಯಾಂಕರ್ ಬರುವುದನ್ನೇ ಕಾಯುತ್ತ ಕೂತೆವು. ತಡವಾದರೂ ಅದು ಬಂತು. ಅದರ ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿತ್ತಲ್ಲ, ಆ ಹೊಲಗಳಿಗೆ ಯಾವ ಟ್ಯಾಂಕರ್ ಹೋದೀತು?

ಬರ ನಮಗೇನು ಹೊಸತೇ ಎಂದು ಹಿರಿಯರು ಕೇಳುತ್ತಾರೆ. ಬರ ಹಳೆಯದೇ, ಮಳೆಯ ನಡತೆ ಹೊಸತು. ಕಾವೇರಿದ ಗಾಳಿ ಹೆಚ್ಚು ತೇವ ಹೀರಿಕೊಂಡು, ಸುರಿದಾಗ ಒಮ್ಮೆಲೇ ಸುರಿಯುತ್ತದೆ. 2021ರ ನವೆಂಬರಿನಲ್ಲಿ ಕೋಲಾರದ ರೈತರು ರಾಗಿ ಕೊಯ್ಯುವ ಹೊತ್ತಿಗೆ ಜಡಿಮಳೆ ಹಿಡಿದು ಬೆಳೆ ಹೊಲದಲ್ಲೇ ಹಾಳಾಯಿತು. 2023ರ ಆಗಸ್ಟಿನಲ್ಲಿ ಪೈರು ಬಾಯಾರಿ ನಿಂತಿತು. ಹೀಗಾದರೆ ಬೇಸಾಯಗಾರ ಯಾವ ಲೆಕ್ಕ ನಂಬಿ ಬಿತ್ತಬೇಕು?

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳೇ ಅದರ ಜೀವ; ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. 2018ರ ಜೂನಿನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಅಂದರೆ ನಮ್ಮಂಥವರು ಮಿಂದ ನೀರು, ಪಾತ್ರೆ ತೊಳೆದ ನೀರು, ಶೌಚದ ನೀರು ಕೂಡ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ನೀಡಿತು. ಆಮೇಲೆ ನೀರು ಮತ್ತೆ ಹರಿಯಿತು. ಅಂತರ್ಜಲ ಏರಿ ಎಷ್ಟೋ ಬತ್ತಿದ ಬಾವಿಗಳು ಜೀವ ಪಡೆದವು. ಇದನ್ನು ಅಲ್ಲಗಳೆಯಲಾಗದು. ಆದರೆ ಶುದ್ಧೀಕರಣ ನಡೆಯುವುದು ಎರಡು ಹಂತದಲ್ಲಿ ಮಾತ್ರ. ಮೂರನೆಯ ಹಂತ ಬೇಕೆಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಕೇಳಬೇಕಾದವರು ಅವರೊಬ್ಬರೇ ಏನು? ಕೊಳೆ ಮಾಡಿದವರು ನಾವು. ಉಳಿದದ್ದನ್ನು ತೊಳೆಯದೆ ಪಕ್ಕದವರ ತಟ್ಟೆಗೆ ಹಾಕುವುದನ್ನು ದಾಸೋಹವೆನ್ನಲು ನನಗೆ ಬಾಯಿ ಬಾರದು.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ನಾವು ಪ್ರತಿ ಜನವರಿಯಲ್ಲಿ ನೆನೆಯುತ್ತೇವೆ. ನೆನೆಯುವುದಷ್ಟೇ ಅಲ್ಲ, ಮಾಡಿ ತೋರಿಸಿದವರೂ ನಮ್ಮ ನಡುವೆ ಇದ್ದಾರೆ. ಸಿರಿಗೆರೆಯ ಪೂಜ್ಯರು ಪಟ್ಟುಹಿಡಿದು ತುಂಗಭದ್ರೆಯ ನೀರನ್ನು ಭರಮಸಾಗರ, ಜಗಳೂರಿನ ಕೆರೆಗಳಿಗೆ ತರಿಸಿದರು. ಕೊಪ್ಪಳದ ಗವಿಮಠದ ಪೂಜ್ಯರು 2019ರಲ್ಲಿ ಹಿರೇಹಳ್ಳಕ್ಕಿಳಿದು ಹೂಳು, ಜಾಲಿ ತೆಗೆಸಿದರು. ಎರಡೂ ಕಡೆ ಊರವರು ಜೊತೆಗೂಡಿದರು.

ಮೂರನೆಯ ಹಂತದ ಶುದ್ಧೀಕರಣಕ್ಕಾಗಿ ಸರ್ಕಾರಕ್ಕೆ ಬರೆದ ಮನವಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ ನೋಡಿ. ಒಪ್ಪಿಗೆಯಾದರೆ ಪ್ರಸಾದಕ್ಕೆ ಕೂರುವ ಮೊದಲೇ ಸಹಿ ಹಾಕಿ.