ಕಸಿಯಾದ ಅಂಗ, ಕರುಳಿಗೆ ಅಪಾಯ



ಮೂತ್ರಪಿಂಡ ಕಸಿ ಮಾಡಿಸಿಕೊಂಡು ಮನೆಗೆ ಮರಳಿದ ಒಬ್ಬರಿಗೆ ಎರಡು ಮೂರು ತಿಂಗಳಲ್ಲಿ ಭೇದಿ ಶುರುವಾಯಿತೆನ್ನಿ. ಊಟ ಒಗ್ಗಲಿಲ್ಲ, ನೀರು ಕೆಟ್ಟಿತ್ತು ಎಂದು ನೀವು ಊಹಿಸುತ್ತೀರಿ. ಅದು ಇರಬಹುದು. ಸೇವಿಸುವ ಔಷಧಿಯಿಂದಲೂ ಭೇದಿಯಾಗುವುದುಂಟು. ಆದರೆ ವೈದ್ಯರು ಇನ್ನೊಂದು ಕಾರಣವನ್ನೂ ಮರೆಯುವುದಿಲ್ಲ. ಅದೇ ಸೈಟೋಮೆಗಾಲೋವೈರಸ್.

ಸೀತಾಳೆ ಸಿಡುಬಿನ ವೈರಸ್ಸಿನಂತೆ ಇದೂ ಹರ್ಪಿಸ್ ಕುಟುಂಬದ್ದು. ನಮ್ಮ ದೇಶದಲ್ಲಿ ಬಹುಪಾಲು ಜನರಿಗೆ ಎಳವೆಯಲ್ಲೇ ಇದು ಸೋಂಕಿರುತ್ತದೆ. ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಆಮೇಲೆ ಅಸ್ಥಿಮಜ್ಜೆಯ ಕೆಲವು ಜೀವಕೋಶಗಳಲ್ಲಿ ಅದು ಜೀವಮಾನವಿಡೀ ಸುಪ್ತವಾಗಿರುತ್ತದೆ. ಅದು ತಲೆಯೆತ್ತದಂತೆ ಕಾಯುವುದು ರಕ್ತದ ಟಿ ಜೀವಕೋಶಗಳು.

ಕಸಿಯಾದ ಮೇಲೆ ಅದೇಕೆ ಎಚ್ಚರಗೊಳ್ಳುತ್ತದೆ? 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಮಾಡಿದರು. ದಾನಿ, ರೋಗಿ ಇಬ್ಬರೂ ತದ್ರೂಪಿ ಅವಳಿಗಳು. ಆದ್ದರಿಂದ ದೇಹ ಆ ಅಂಗವನ್ನು ತಿರಸ್ಕರಿಸಲಿಲ್ಲ. ಇತರರಲ್ಲಿ ಟಿ ಜೀವಕೋಶಗಳು ಹೊಸ ಅಂಗದ ಮೇಲೆರಗುತ್ತವೆ. ಅವನ್ನು ಔಷಧಿಯಿಂದ ತಗ್ಗಿಸಲೇಬೇಕು. ಆಗ ಕಾವಲು ಸಡಿಲವಾಗಿ ವೈರಸ್ ಬೆಳೆಯುತ್ತದೆ. ದಾನಿಯ ಅಂಗದೊಡನೆಯೂ ಅದು ಬರಬಹುದು. ಮೊದಲು ಸೋಂಕೇ ತಗಲದಿದ್ದ ರೋಗಿಗೆ ಅಪಾಯ ಇನ್ನೂ ಹೆಚ್ಚು.

ಕರುಳಿನ ಒಳಪೊರೆಗೆ ರಕ್ತ ಒದಗಿಸುವ ಸಣ್ಣ ನಾಳಗಳನ್ನು ವೈರಸ್ ಕೆಡಿಸಿದಾಗ ಹುಣ್ಣುಗಳಾಗುತ್ತವೆ. ಭೇದಿ, ಹೊಟ್ಟೆನೋವು, ಮಲದಲ್ಲಿ ರಕ್ತ ಕಾಣಬಹುದು. ಅಪರೂಪಕ್ಕೆ ಕರುಳು ತೂತಾಗಿ ಪ್ರಾಣಾಪಾಯ ಒದಗುತ್ತದೆ. ನಿರೋಧಶಕ್ತಿ ತಗ್ಗಿರುವುದರಿಂದ ಜ್ವರ, ನೋವುಗಳು ಮರೆಯಾಗಿ ಮೋಸಹೋಗುವ ಸಂಭವವೂ ಇದೆ. ಕೆಲವೊಮ್ಮೆ ರಕ್ತಪರೀಕ್ಷೆಯಲ್ಲೂ ವೈರಸ್ ಸಿಗುವುದಿಲ್ಲ. ಆಗ ನಳಿಕೆಯಿಂದ ಕರುಳನ್ನು ನೋಡಿ, ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಉಬ್ಬಿದ ಜೀವಕೋಶದ ನಡುವೆ ಗೂಬೆಯ ಕಣ್ಣಿನಂಥ ಕಪ್ಪು ಬಿಂದು ಕಾಣುತ್ತದೆ.

ಇದಕ್ಕೆ ಗ್ಯಾನ್‌ಸೈಕ್ಲೋವಿರ್ ಎಂಬ ಔಷಧಿಯಿದೆ. ಇದರ ಹತ್ತಿರದ ಸಂಬಂಧಿ ಏಸೈಕ್ಲೋವಿರ್; ಕಸಿ ಅಂಗವನ್ನು ಉಳಿಸಿದ ಮೊದಲ ಔಷಧಿಗಳಲ್ಲೊಂದು ಅಜಥಯೊಪ್ರಿನ್. ಇವೆರಡರ ಹಿಂದೆಯೂ 1988ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡ ಗರ್ಟ್ರೂಡ್ ಎಲಿಯನ್ ಅವರ ಶ್ರಮವಿದೆ.

ಗ್ಯಾನ್‌ಸೈಕ್ಲೋವಿರ್ ಜೊತೆಗೆ ನಿರೋಧಶಕ್ತಿ ತಗ್ಗಿಸುವ ಔಷಧಿಯನ್ನೂ ವೈದ್ಯರು ಕಡಿಮೆ ಮಾಡಬೇಕಾಗಬಹುದು. ಹೆಚ್ಚು ಕಡಿಮೆ ಮಾಡಿದರೆ ಅಂಗ ಹೋಗುತ್ತದೆ. ಮಾಡದಿದ್ದರೆ ವೈರಸ್ ಗೆಲ್ಲುತ್ತದೆ. ಆ ತೂಕ ಬಲ್ಲವರು ವೈದ್ಯರು ಮಾತ್ರ.

ಆದ್ದರಿಂದ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಸಿ ಮಾಡಿಸಿಕೊಂಡವರಿದ್ದು ಭೇದಿ ಕಾಣಿಸಿಕೊಂಡರೆ, ಅಂಗಡಿಯಿಂದ ಮಾತ್ರೆ ತಂದುಕೊಡಬೇಡಿ; ದಿನನಿತ್ಯದ ಔಷಧಿಯನ್ನು ನಿಲ್ಲಿಸಲೂ ಬಿಡಬೇಡಿ. ಅಂದೇ ಆಸ್ಪತ್ರೆಗೆ ತಿಳಿಸಿ.